ಅಳಿವೆಯಲ್ಲಿ ಲೋಹಗಳು ಏನಾಗುತ್ತವೆ? ಓದುಗರ ಪ್ರಶ್ನೆಗಳಿಗೆ ಉತ್ತರ

ನದಿ ಸಮುದ್ರಗಳು ಸೇರುವಲ್ಲಿ ನೀರಿನ ಗುಣ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಉಳಿದ ಮೂರು ಪ್ರಶ್ನೆಗಳ ಬೇರು ಮೊದಲ ಪ್ರಶ್ನೆಯಲ್ಲೇ ಇರುವುದರಿಂದ ಅದಕ್ಕೆ ಕೊಟ್ಟ ಉತ್ತರ ದೀರ್ಘವಾಗಿದೆ.

ಪ್ರಶ್ನೆ: ಮಳೆಗಾಲದಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳೆರಡೂ ಕೆಂಪಾಗಿ ಹರಿದುಬಂದು ಮಂಗಳೂರಿನ ಅಳಿವೆ ಬಾಗಿಲಿನಲ್ಲಿ ಕಡಲು ಸೇರುತ್ತವೆ. ಆ ನೀರಿನೊಂದಿಗೆ ಬರುವ ಕಬ್ಬಿಣ, ತಾಮ್ರ, ಸೀಸದಂಥ ಲೋಹಗಳೆಲ್ಲ ಸಮುದ್ರಕ್ಕೆ ಹೋಗಿ ಹಂಚಿಹೋಗುತ್ತವೆ, ಹಾಗಾಗಿ ಚಿಂತಿಸಬೇಕಾದ್ದಿಲ್ಲ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಇದು ನಿಜವೇ?
— ಓದುಗರು, ಕಸಬಾ ಬೆಂಗ್ರೆ

ಉತ್ತರ: ಹಿರಿಯರ ಮಾತು ಕೆಲವು ಲೋಹಗಳಿಗೆ, ಕೆಲವು ತಿಂಗಳುಗಳಲ್ಲಿ ಮಾತ್ರ ಹೊಂದುತ್ತದೆ. ಅಳಿವೆಯೆಂದರೆ ನದಿಯ ನೀರನ್ನು ಕಡಲಿಗೆ ದಾಟಿಸುವ ಕಾಲುವೆಯಷ್ಟೇ ಅಲ್ಲ. ಘಟ್ಟದಿಂದ ಇಳಿದುಬರುವ ಹೊಳೆಯ ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) ಸುಮಾರು 7ರ ಆಸುಪಾಸಿನಲ್ಲಿರುತ್ತದೆ, ಅದರಲ್ಲಿ ಕ್ಲೋರೈಡ್ ಲೀಟರಿಗೆ ಕೆಲವು ಮಿಲಿಗ್ರಾಂಗಳಷ್ಟೇ ಇರುತ್ತದೆ. ಸಮುದ್ರದ ನೀರಿನ ಪಿಎಚ್ ಸುಮಾರು 8.1, ಅದರಲ್ಲಿರುವ ಕ್ಲೋರೈಡ್ ಲೀಟರಿಗೆ 19 ಗ್ರಾಂಗಳಷ್ಟು. ಕೆಲವೇ ಕಿಲೋಮೀಟರುಗಳ ದಾರಿಯಲ್ಲಿ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವಾಗ ಲೋಹ ಅದೇ ಉಳಿದರೂ ಅದು ಇರುವ ರೂಪ ಬದಲಾಗುತ್ತದೆ. ಅದು ತಳ ಸೇರುತ್ತದೆಯೋ, ಕಡಲಿಗೆ ಹೋಗುತ್ತದೆಯೋ, ಅಲ್ಲಿರುವ ಜೀವಿಯ ಮೈ ಸೇರುತ್ತದೆಯೋ ಎಂಬುದನ್ನು ನಿರ್ಧರಿಸುವುದು ಈ ರೂಪವೇ. ಆದ್ದರಿಂದ ನೀರಿನಲ್ಲಿ ಎಷ್ಟು ಲೋಹವಿದೆ ಎಂದು ಕೇಳುವ ಮೊದಲು ಯಾವ ರೂಪದಲ್ಲಿದೆ ಎಂದು ಕೇಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕಬ್ಬಿಣದಿಂದಲೇ ಆರಂಭಿಸೋಣ. ನಮ್ಮ ಕರಾವಳಿಯ ಮುರಕಲ್ಲಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ತುಂಬಿವೆ. 1800ರ ಹೊತ್ತಿಗೆ ಈ ಪ್ರದೇಶದಲ್ಲೆಲ್ಲ ಸುತ್ತಾಡಿದ್ದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಇದೇ ಬಗೆಯ ಕಲ್ಲಿಗೆ ತನ್ನ 1807ರ ಗ್ರಂಥದಲ್ಲಿ ಲ್ಯಾಟರೈಟ್ ಎಂಬ ಹೆಸರಿಟ್ಟ. ಮಳೆಗೆ ಕೊಚ್ಚಿಬರುವ ಈ ಮಣ್ಣಿನಲ್ಲಿ ದೊಡ್ಡ ಕಣಗಳಿರುವಂತೆಯೇ ಅತಿ ಸಣ್ಣ ಕಲಿಲ ಕಣಗಳೂ ಇರುತ್ತವೆ. ಪ್ರಯೋಗಾಲಯದಲ್ಲಿ 0.45 ಮೈಕ್ರಾನ್ ರಂಧ್ರಗಳ ಸೋಸುಹಾಳೆಯನ್ನು ದಾಟಿದ್ದನ್ನು ‘ಕರಗಿದ್ದು’ ಎಂದು ಕರೆಯುವುದು ರೂಢಿ. ಆದರೆ ಹೊಳೆಯ ನೀರಿನಲ್ಲಿ ಹೀಗೆ ಸೋಸುಹಾಳೆಯನ್ನು ದಾಟುವ ಕಬ್ಬಿಣದ ಬಹುಪಾಲು ನಿಜಕ್ಕೂ ಕರಗಿರುವುದಿಲ್ಲ, ಕಲಿಲ ರೂಪದಲ್ಲಿ ತೇಲುತ್ತಿರುತ್ತದೆ. ಕಾಡಿನ ತರಗೆಲೆ ಕೊಳೆತು ಬರುವ ಹ್ಯೂಮಿಕ್ ಆಮ್ಲಗಳು ಆ ಕಣಗಳ ಮೇಲೆ ಲೇಪವಾಗಿ ಕುಳಿತು ಅವಕ್ಕೆ ಋಣ ವಿದ್ಯುದಂಶ ಕೊಡುತ್ತವೆ. ಒಂದೇ ಬಗೆಯ ವಿದ್ಯುದಂಶವಿರುವುದರಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತ ನೀರಿನಲ್ಲಿ ಬಹಳ ಕಾಲ ನಿಲ್ಲುತ್ತವೆ.

ಉಪ್ಪುನೀರು ಬೆರೆತ ಕೂಡಲೇ ಈ ಏರ್ಪಾಡು ಮುರಿಯುತ್ತದೆ. ಸಮುದ್ರದ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳ ಧನ ವಿದ್ಯುದಂಶವು ಕಣಗಳ ಋಣ ವಿದ್ಯುದಂಶವನ್ನು ಅಡಗಿಸುತ್ತದೆ, ಕಣಗಳು ಪರಸ್ಪರ ಅಂಟಿಕೊಳ್ಳುತ್ತವೆ, ಹುಳಿ ಬಿದ್ದ ಹಾಲಿನ ಹಾಗೆ ನೀರು ಒಡೆದು ಗರಣೆಗಳಾಗುತ್ತವೆ. 1976ರಲ್ಲಿ ಶೋಲ್ಕೊವಿಟ್ಸ್ ಎಂಬ ವಿಜ್ಞಾನಿ ಸ್ಕಾಟ್ಲೆಂಡಿನ ನದಿಗಳ ಸೋಸಿದ ನೀರಿಗೆ ಸಮುದ್ರದ ನೀರನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಕಡಲಿನ ಲವಣಾಂಶ ಸಾವಿರಕ್ಕೆ 35ರಷ್ಟಿದ್ದರೆ, ಕಬ್ಬಿಣದ ಈ ಬೇರ್ಪಡೆಯ ಬಹುಭಾಗ ಲವಣಾಂಶ 15ಕ್ಕೆ ಏರುವುದರೊಳಗೇ ಮುಗಿದಿರುತ್ತದೆ. ಲೋಕದ ಅನೇಕ ಅಳಿವೆಗಳಲ್ಲಿ ‘ಕರಗಿದ’ ಕಬ್ಬಿಣದ ಶೇಕಡಾ 70ರಿಂದ 95ರಷ್ಟು ಹೀಗೆ ಕಡಲು ಮುಟ್ಟುವ ಮೊದಲೇ ನೀರಿನಿಂದ ಹೊರಬೀಳುತ್ತದೆ.

ಇದರ ಒಂದು ಅಂಶವನ್ನು ನೀವೇ ನೋಡಬಹುದು. ಆಷಾಢದ ದಿನಗಳಲ್ಲಿ ಬಂಟ್ವಾಳದ ಕಡೆಯಿಂದ ನೇತ್ರಾವತಿಯ ಕೆಂಪು ನೀರನ್ನು ತಂದು ಎರಡು ಗಾಜಿನ ಬಾಟಲಿಗಳಲ್ಲಿ ಅರ್ಧರ್ಧ ತುಂಬಿ, ಒಂದಕ್ಕೆ ಅಷ್ಟೇ ಪ್ರಮಾಣದ ಬಾವಿ ನೀರನ್ನೂ ಇನ್ನೊಂದಕ್ಕೆ ತಿಳಿಯಾದ ಕಡಲ ನೀರನ್ನೂ ಬೆರೆಸಿ ಅಲುಗಾಡದಂತೆ ಇಡಿ. ಬಾವಿ ನೀರು ಬೆರೆತ ಬಾಟಲಿ ಮರುದಿನವೂ ಮಬ್ಬಾಗಿಯೇ ಇರುವ ಹೊತ್ತಿಗೆ, ಕಡಲ ನೀರು ಬೆರೆತದ್ದರಲ್ಲಿ ಕೆಂಪು ಎಳೆಗಳು ಕೂಡಿ ತಳಕ್ಕಿಳಿದು ಮೇಲಿನ ನೀರು ತಿಳಿಯಾಗಿರುತ್ತದೆ. ಕಣ್ಣಿಗೆ ಕಾಣುವುದು ಮುಖ್ಯವಾಗಿ ಜೇಡಿಕಣಗಳು ಕೂಡುವ ಕ್ರಿಯೆ. ಕಲಿಲ ಕಬ್ಬಿಣವೂ ಇದೇ ನಿಯಮದಂತೆ ಅವುಗಳ ಜತೆಗೆ ಇಳಿಯುತ್ತದೆ.

ಹೀಗೆ ಇಳಿಯುವ ಕಬ್ಬಿಣ ಒಂಟಿಯಾಗಿ ಹೋಗುವುದಿಲ್ಲ. ಹೊಸದಾಗಿ ಒಡೆದು ಕೂಡಿದ ಕಬ್ಬಿಣದ ಆಕ್ಸೈಡಿನ ಮೇಲ್ಮೈ ತುಂಬ ವಿಶಾಲವಾದದ್ದು. ಸೀಸವು ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡು ಕೆಸರಿಗೆ ಸೇರುತ್ತದೆ. ಸೀಸದ ಮಟ್ಟಿಗೆ ಅಳಿವೆಯ ತಳವೇ ಬಹುಪಾಲು ನಿಲ್ದಾಣ.

ಕ್ಯಾಡ್ಮಿಯಂನದು ಇದಕ್ಕೆ ತಿರುಗುಮುರುಗಾದ ನಡೆ, ನಾನು ಓದುಗರ ಗಮನವನ್ನು ವಿಶೇಷವಾಗಿ ಸೆಳೆಯಬಯಸುವುದೂ ಇಲ್ಲಿಗೇ. ಸಿಹಿನೀರಿನಲ್ಲಿ ಅದು ಹೂಳಿನ ಕಣಗಳಿಗೆ ಅಂಟಿಕೊಂಡು ಬರುತ್ತದೆ. ಅಳಿವೆಯಲ್ಲಿ ಕ್ಲೋರೈಡ್ ಹೆಚ್ಚಾದಂತೆ ಕ್ಯಾಡ್ಮಿಯಂ ಅದರೊಂದಿಗೆ ಸೇರಿ ನೀರಿನಲ್ಲಿ ನಿಲ್ಲಬಲ್ಲ ಸಂಯುಕ್ತಗಳಾಗಿ ಕಣವನ್ನು ಬಿಟ್ಟು ಹೊರಬರುತ್ತದೆ. ಹೀಗಾಗಿ ನದಿಯಲ್ಲೂ ಕಡಲಲ್ಲೂ ಕಡಿಮೆಯಿರುವ ಕರಗಿದ ಕ್ಯಾಡ್ಮಿಯಂ, ಎರಡರ ನಡುವಿನ ಮಧ್ಯಮ ಲವಣಾಂಶದ ನೀರಿನಲ್ಲಿ ಏರಿರುತ್ತದೆ. ಫ್ರಾನ್ಸಿನ ಝಿರೋಂಡ್ ಅಳಿವೆ ಇದಕ್ಕೆ ದೊಡ್ಡ ಪಾಠ. ಅಲ್ಲಿಗೆ ಕ್ಯಾಡ್ಮಿಯಂ ಬಂದದ್ದು ನೂರಾರು ಕಿಲೋಮೀಟರ್ ಮೇಲೆ, ಲೋತ್ ನದಿಯ ಜಲಾನಯನದಲ್ಲಿದ್ದ ಸತು ಉದ್ಯಮದಿಂದ. ಹೂಳಿನ ಮೇಲೆ ಕುಳಿತು ಬಂದ ಲೋಹ ಉಪ್ಪುನೀರಿನ ವಲಯದಲ್ಲಿ ಬಿಡುಗಡೆಯಾಗಿ ಸಿಂಪಿಗಳ ಮೈಸೇರಿತು, ಅಲ್ಲಿ ಸಿಂಪಿ ತೆಗೆಯುವುದನ್ನು ನಿಷೇಧಿಸಬೇಕಾಯಿತು. ಅಷ್ಟು ದೂರದಲ್ಲಿರುವ ಮೂಲವೂ ಅಳಿವೆಯ ಜನರ ಊಟಕ್ಕೆ ಸಂಬಂಧಪಟ್ಟದ್ದೆಂಬುದನ್ನು ನದಿಯ ಮೇಲ್ಭಾಗದಲ್ಲಿ ಕೈಗಾರಿಕೆಗಳಿಗೆ ಪರವಾನಗಿ ಕೊಡುವವರು ಮರೆಯಬಾರದು.

ತಾಮ್ರ ಇವೆರಡಕ್ಕೂ ನಡುವೆ. ಅದರ ಸ್ವಲ್ಪ ಭಾಗ ಕಬ್ಬಿಣದ ಜತೆ ತಳಕ್ಕಿಳಿಯುತ್ತದೆ, ಉಳಿದದ್ದು ಸಾವಯವ ಅಣುಗಳಿಗೆ ಬಲವಾಗಿ ಬಿಗಿದುಕೊಂಡು ಹೆಚ್ಚು ವ್ಯತ್ಯಾಸವಿಲ್ಲದೆ ಕಡಲಿನತ್ತ ಸಾಗುತ್ತದೆ. ಜಲಚರಗಳಿಗೆ ವಿಷವಾಗುವುದು ಮುಖ್ಯವಾಗಿ ಯಾವುದಕ್ಕೂ ಬಿಗಿಯದ ಒಂಟಿ ತಾಮ್ರದ ಅಯಾನು. ಅದು ಒಟ್ಟು ಕರಗಿದ ತಾಮ್ರದ ಶೇಕಡಾ ಒಂದಕ್ಕಿಂತಲೂ ಕಡಿಮೆ ಇರುವುದು ಸಾಮಾನ್ಯ. ಆದರೆ ಬಿಗಿದುಕೊಳ್ಳುವ ಸಾವಯವ ಅಣುಗಳಿಗೂ ಮಿತಿಯಿದೆ. ಆ ಮಿತಿ ದಾಟಿದ ಮೇಲೆ ಬರುವ ಪ್ರತಿ ಕಣ ತಾಮ್ರವೂ ಒಂಟಿ ಅಯಾನಾಗಿಯೇ ಉಳಿಯುವುದರಿಂದ ಅಪಾಯ ಹಂತಹಂತವಾಗಿ ಏರದೆ ಒಮ್ಮೆಲೇ ಏರುತ್ತದೆ.

ಇನ್ನು ಕಾಲದ ವಿಚಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ನದಿಗಳ ಪ್ರವಾಹ ಉಪ್ಪುನೀರನ್ನು ಅಳಿವೆಯಿಂದ ಹೊರಗೆ ತಳ್ಳುತ್ತದೆ. ಆಗ ನಾನು ಮೇಲೆ ಹೇಳಿದ ಬೇರ್ಪಡೆಯೆಲ್ಲ ಬೆಂಗ್ರೆ ಮತ್ತು ಉಳ್ಳಾಲ ಕೋಟೆಪುರಗಳ ಹೊಯಿಗೆ (ಮರಳು) ದಿಣ್ಣೆಗಳಾಚೆ, ಕಡಲಿನೊಳಗೆ ನಡೆಯುತ್ತದೆ. ಹಿರಿಯರ ಮಾತು ನಿಜಕ್ಕೆ ಹತ್ತಿರವಾಗುವುದು ಆ ದಿನಗಳಲ್ಲಿ. ಆದರೂ ಗರಣೆಗಳು ಬಹುಪಾಲು ಇಳಿಯುವುದು ದಡದ ಬಳಿಯ ಆಳವಿಲ್ಲದ ಕೆಸರಿನ ಮೇಲೆಯೇ. ಬೇಸಿಗೆಯಲ್ಲಿ ಹೊಳೆ ಬತ್ತಿದಂತೆ ಉಬ್ಬರದ ನೀರು ಒಳಕ್ಕೆ ಹಲವು ಕಿಲೋಮೀಟರ್ ಏರಿಬರುತ್ತದೆ, ಜಪ್ಪಿನಮೊಗರಿನ ಕಡೆಯ ಬಾವಿಗಳ ರುಚಿ ಕೆಡುವುದನ್ನು ಊರವರು ಬಲ್ಲರು. ಆಗ ಬೆರೆಯುವ ವಲಯ ಊರಿನೊಳಗೇ ಇರುತ್ತದೆ. ನೀರು ಕಡಿಮೆ, ಹರಿವು ನಿಧಾನ, ಚರಂಡಿಗಳಿಂದ ಬಂದದ್ದು ಉಬ್ಬರ ಇಳಿತಗಳೊಂದಿಗೆ ಹಿಂದೆಮುಂದೆ ಓಲಾಡುತ್ತ ಅಲ್ಲೇ ಉಳಿಯುತ್ತದೆ. ನಾವು ಹೆಚ್ಚು ಎಚ್ಚರದಿಂದಿರಬೇಕಾದದ್ದು ಕೆಂಪು ನೀರಿನ ಆಷಾಢಕ್ಕಿಂತ ನೀರು ತಿಳಿಯಾಗಿ ಕಾಣುವ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ.

ಪ್ರಶ್ನೆ: ಇಳಿತದ ಹೊತ್ತಿನಲ್ಲಿ ಹೊಳೆಯ ಬದಿಯ ಕೆಸರು ಮೇಲೆ ಕಂದು ಬಣ್ಣದಲ್ಲಿದ್ದು, ಕಾಲಿಟ್ಟರೆ ಒಳಗೆ ಕಡುಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಈ ಕೆಸರು ವಿಷವೇ? ಹೂಳೆತ್ತಿ ತೋಟಕ್ಕೆ ಹಾಕಬಹುದೇ?
— ಓದುಗರು, ಉದ್ಯಾವರ

ಉತ್ತರ: ಕಪ್ಪು ಬಣ್ಣ ವಿಷದ ಗುರುತಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ. ಕೆಸರಿನೊಳಗೆ ಆಮ್ಲಜನಕ ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಾಗಳು ಆ ಸಲ್ಫೇಟನ್ನೇ ಉಸಿರಾಟಕ್ಕೆ ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ನಿಮ್ಮ ಮೂಗಿಗೆ ಬರುವ ವಾಸನೆ ಅದೇ. ಅದು ಕಬ್ಬಿಣದೊಂದಿಗೆ ಕೂಡಿ ಕಪ್ಪಾದ ಕಬ್ಬಿಣದ ಸಲ್ಫೈಡ್ ಆಗುತ್ತದೆ. ತಾಮ್ರ, ಸತು, ಸೀಸ, ಕ್ಯಾಡ್ಮಿಯಂಗಳು ಕಬ್ಬಿಣಕ್ಕಿಂತಲೂ ಬಲವಾಗಿ ಸಲ್ಫೈಡನ್ನು ಹಿಡಿದು ನೀರಿನಲ್ಲಿ ಕರಗದ ರೂಪಕ್ಕೆ ಬರುತ್ತವೆ. ಅಂದರೆ ಆ ಕಪ್ಪು ಪದರ ಅಲುಗದೆ ಇರುವಷ್ಟು ಕಾಲ ಲೋಹಗಳ ಮಟ್ಟಿಗೆ ಭದ್ರವಾದ ಉಗ್ರಾಣ.

ಮೇಲಿನ ಕಂದು ಪದರವನ್ನು ಬಾಗಿ ಗಮನಿಸಿ. ಅದು ಕೆಲವೇ ಮಿಲಿಮೀಟರ್ ದಪ್ಪ, ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳಿಂದ ಆದದ್ದು. ಏಡಿಯ ಅಥವಾ ಹುಳದ ಬಿಲವೊಂದನ್ನು ಉದ್ದಕ್ಕೆ ಸೀಳಿ ನೋಡಿದರೆ ಕಪ್ಪು ಕೆಸರಿನ ನಡುವೆ ಬಿಲದ ಗೋಡೆಗೆ ಮಾತ್ರ ಇದೇ ಕಂದು ಲೇಪ ಕಾಣುತ್ತದೆ, ಏಕೆಂದರೆ ಆ ಜೀವಿ ಒಳಕ್ಕೆ ತಂದ ನೀರಿನ ಆಮ್ಲಜನಕ ಅಲ್ಲಿಯವರೆಗೂ ತಲುಪಿದೆ. ಕೆಳಗೆ ಕರಗಿದ ಕಬ್ಬಿಣ ಮತ್ತು ಮ್ಯಾಂಗನೀಸ್ ಮೇಲಕ್ಕೆ ಸರಿಯುತ್ತ ಬಂದು ಆಮ್ಲಜನಕ ಸಿಕ್ಕಲ್ಲಿ ಮತ್ತೆ ಆಕ್ಸೈಡಾಗಿ ಗಟ್ಟಿಯಾಗುತ್ತವೆ. ಕಬ್ಬಿಣಕ್ಕೆ ಇದು ನಿಮಿಷಗಳ ಕೆಲಸ. ಮ್ಯಾಂಗನೀಸಿಗೆ ಬ್ಯಾಕ್ಟೀರಿಯಾಗಳ ನೆರವಿದ್ದರೂ ದಿನಗಳು ಬೇಕಾಗುವುದರಿಂದ ಅದರ ಒಂದು ಪಾಲು ಕೆಸರಿನಿಂದ ತಪ್ಪಿಸಿಕೊಂಡು ಮೇಲಿನ ನೀರಿಗೆ ಬರುತ್ತದೆ.

ಪಾದರಸ ಮಾತ್ರ ಈ ಭದ್ರತೆಗೆ ಅಪವಾದ. ಆಮ್ಲಜನಕವಿಲ್ಲದ ಇದೇ ಕೆಸರಿನ ಅಂಚಿನಲ್ಲಿ, ಇದೇ ಬಗೆಯ ಬ್ಯಾಕ್ಟೀರಿಯಾಗಳ ಕೈಯಲ್ಲಿ ಅದು ಮೀಥೈಲ್ ಪಾದರಸವಾಗಿ ಮಾರ್ಪಡುತ್ತದೆ. ಆ ರೂಪ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋದಂತೆ ಸಾಂದ್ರವಾಗುತ್ತದೆ.

ಹೂಳೆತ್ತಿದಾಗ ಆಗುವುದಿಷ್ಟು: ಕಪ್ಪು ಸಲ್ಫೈಡಿಗೆ ಗಾಳಿ ತಾಗಿ, ಉಂಡೆಯ ಹೊರಮೈ ಕಂದಾಗುತ್ತದೆ. ನೀರಿನಲ್ಲೇ ಕದಡಿದರೆ ಬಿಡುಗಡೆಯಾದ ಕಬ್ಬಿಣ ಬೇಗನೆ ಆಕ್ಸೈಡಾಗಿ ಇತರ ಲೋಹಗಳನ್ನು ಬಹುಮಟ್ಟಿಗೆ ಮತ್ತೆ ಹಿಡಿದಿಡುತ್ತದೆ. ನೆಲದ ಮೇಲೆ ರಾಶಿ ಹಾಕಿದರೆ ಪರಿಣಾಮ ಬೇರೆ. ಸಲ್ಫೈಡ್ ಗಾಳಿಗೆ ಸಲ್ಫ್ಯೂರಿಕ್ ಆಮ್ಲವಾಗಿ ಮಣ್ಣಿನ ಪಿಎಚ್ ಕುಸಿಯುತ್ತದೆ, ಹಿಡಿದಿಟ್ಟ ಲೋಹಗಳು ಮೊದಲ ಮಳೆಗೇ ಸೋರಿ ಹೊರಡುತ್ತವೆ. ಕೇರಳದ ಕುಟ್ಟನಾಡಿನ ಕೆಲವು ಗದ್ದೆಗಳಲ್ಲಿ ಇಂಥ ಆಮ್ಲೀಯ ಮಣ್ಣು ಬೇಸಾಯಕ್ಕೆ ದೊಡ್ಡ ತೊಡಕು. ಆದ್ದರಿಂದ ಕಪ್ಪು ಹೂಳನ್ನು ತೋಟಕ್ಕೆ ಹಾಕುವ ಮೊದಲು ಅದರ ಒಂದು ಹಿಡಿಯನ್ನು ತಟ್ಟೆಯಲ್ಲಿ ಹರಡಿ, ಒದ್ದೆಯಾಗಿಯೇ ಇಟ್ಟು, ಕೆಲವು ವಾರಗಳ ಬಳಿಕ ಪಿಎಚ್ ಪರೀಕ್ಷೆ ಮಾಡಿಸಿ. ಅದು 4ರ ಹತ್ತಿರಕ್ಕೆ ಇಳಿದರೆ ತೋಟದಿಂದ ದೂರವಿಡಿ. ಪಿಎಚ್ ಇಳಿಯದಿದ್ದರೂ ಉಪ್ಪಿನಂಶದ ಪ್ರಶ್ನೆ ಬೇರೆಯೇ ಇದೆ.

ಪ್ರಶ್ನೆ: ಮರುವಾಯಿಯನ್ನು (ಅಳಿವೆಯ ಚಿಪ್ಪುಜೀವಿ) ಉಪ್ಪುನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟು ಚೆನ್ನಾಗಿ ತೊಳೆದರೆ ಅದರಲ್ಲಿರುವ ಲೋಹ ಹೋಗುತ್ತದೆಯೇ? ಬೇಯಿಸಿದರೆ?
— ಗೃಹಿಣಿ, ಉಳ್ಳಾಲ

ಉತ್ತರ: ನೆನೆಸಿಟ್ಟಾಗ ಮರುವಾಯಿ ಬಾಯಿ ತೆರೆದು ಹೊಯಿಗೆಯನ್ನೂ ಕರುಳಿನಲ್ಲಿದ್ದ ಕೆಸರನ್ನೂ ಹೊರಹಾಕುತ್ತದೆ, ಆ ಕೆಸರಿಗೆ ಅಂಟಿಕೊಂಡ ಲೋಹವೂ ಅದರೊಂದಿಗೆ ಹೋಗುತ್ತದೆ. ಹಾಗಾಗಿ ನೆನೆಸುವ ರೂಢಿ ಒಳ್ಳೆಯದೇ, ಬಿಡಬೇಡಿ. ಆದರೆ ಮಾಂಸದೊಳಗೆ ಪ್ರೋಟೀನುಗಳಿಗೆ ಬಿಗಿದುಕೊಂಡ ಕ್ಯಾಡ್ಮಿಯಂ ಒಂದು ರಾತ್ರಿಯಲ್ಲಿ ಹೊರಬರುವುದಿಲ್ಲ, ಅದಕ್ಕೆ ಶುದ್ಧ ನೀರಿನಲ್ಲಿ ವಾರಗಳು, ತಿಂಗಳುಗಳೇ ಬೇಕು. ಬೇಯಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹ ಹಾಗೆಯೇ ಉಳಿಯುತ್ತದೆ.

ಗಾಬರಿಪಟ್ಟು ಮರುವಾಯಿ ಸುಕ್ಕವನ್ನೇ ಬಿಡಬೇಕೆಂದು ನಾನು ಹೇಳಲಾರೆ. ಅದು ಸತು, ಕಬ್ಬಿಣಗಳಿರುವ ಒಳ್ಳೆಯ ಆಹಾರ. ಅದನ್ನು ಎಲ್ಲಿಂದ ಹೆಕ್ಕಿದ್ದಾರೆ ಎನ್ನುವುದನ್ನು ಕೇಳಿ ಕೊಳ್ಳಿ. ದೊಡ್ಡ ಚರಂಡಿ ಬಂದು ಬೀಳುವ ಕಡೆಯಿಂದಲೂ, ದೋಣಿಗಳ ತಳ ಕೆರೆದು ಬಣ್ಣ ಬಳಿಯುವ ಜಾಗಗಳ ಆಸುಪಾಸಿನಿಂದಲೂ ತಂದದ್ದು ಬೇಡ. ದೋಣಿಯ ತಳಕ್ಕೆ ಕವಚಜೀವಿಗಳು ಹತ್ತದಂತೆ ಬಳಿಯುವ ಬಣ್ಣದಲ್ಲಿ ಈಗ ಮುಖ್ಯವಾಗಿ ಇರುವುದು ತಾಮ್ರದ ಆಕ್ಸೈಡ್. ಹಿಂದೆ ತವರದ ಸಾವಯವ ಸಂಯುಕ್ತವೊಂದನ್ನು ಬಳಸುತ್ತಿದ್ದರು. ಅದು ಸಿಂಪಿ, ಬಸವನಹುಳುಗಳಿಗೆ ಮಾಡಿದ ಹಾನಿ ಎಷ್ಟು ತೀವ್ರವಾಗಿತ್ತೆಂದರೆ 2008ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಕೆರೆದ ಬಣ್ಣದ ಚಕ್ಕೆಗಳನ್ನು ಹೊಳೆಗೆ ಗುಡಿಸದೆ ಟಾರ್ಪಾಲು ಹಾಸಿ ಕೂಡಿಟ್ಟರೆ ಮರುವಾಯಿಗೆ ಹೋಗುವ ತಾಮ್ರ ಅಷ್ಟರಮಟ್ಟಿಗೆ ತಪ್ಪುತ್ತದೆ. ದೋಣಿ ಇರುವ ಮನೆಯವರು ಇದನ್ನು ನಾಳೆಯೇ ಮಾಡಬಹುದು.

ಪ್ರಶ್ನೆ: ಅಳಿವೆಯ ಲೋಹಗಳ ಬಗ್ಗೆ ಸ್ನಾತಕೋತ್ತರ ಪ್ರಬಂಧಕ್ಕಾಗಿ ಮಾದರಿ ಸಂಗ್ರಹಿಸಬೇಕಿದೆ. ಹಳೆಯ ವರದಿಗಳ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ನಾನು ಯಾವುದಕ್ಕೆ ಗಮನ ಕೊಡಬೇಕು?
— ವಿದ್ಯಾರ್ಥಿನಿ, ಕೊಣಾಜೆ

ಉತ್ತರ: ಲವಣಾಂಶ ಬರೆದಿಡದ ಅಳಿವೆಯ ಮಾದರಿಗೆ ಅರ್ಥವಿಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದೇ ದೋಣಿ, ಒಂದೇ ಜಾಗ, ಉಬ್ಬರದಲ್ಲಿ ಒಂದು ನೀರು, ಇಳಿತದಲ್ಲಿ ಇನ್ನೊಂದು. ಪ್ರತಿ ಮಾದರಿಯ ಲವಣಾಂಶವನ್ನು ಅಡ್ಡಗೆರೆಯಲ್ಲೂ ಲೋಹದ ಪ್ರಮಾಣವನ್ನು ಲಂಬಗೆರೆಯಲ್ಲೂ ಗುರುತಿಸಿ, ನದಿಯ ತುದಿ ಮತ್ತು ಕಡಲಿನ ತುದಿಗಳನ್ನು ನೇರಗೆರೆಯಿಂದ ಕೂಡಿಸಿ. ಚುಕ್ಕಿಗಳು ಗೆರೆಯ ಮೇಲೆಯೇ ಬಿದ್ದರೆ ಲೋಹ ಬರಿದೇ ಬೆರೆತು ತೆಳುವಾಗುತ್ತಿದೆ, ಕೆಳಗೆ ಬಿದ್ದರೆ ನೀರಿನಿಂದ ಹೊರಬೀಳುತ್ತಿದೆ, ಮೇಲೆ ಬಿದ್ದರೆ ಕೆಸರಿನಿಂದಲೋ ಬೇರೆ ಮೂಲದಿಂದಲೋ ಸೇರುತ್ತಿದೆ. ಮೇಲೆ ಹೇಳಿದ ಕಬ್ಬಿಣ, ಕ್ಯಾಡ್ಮಿಯಂಗಳ ಕಥೆ ಈ ಒಂದು ಚಿತ್ರದಲ್ಲೇ ಕಾಣುತ್ತದೆ. ನದಿಯ ಲೋಹದ ಪ್ರಮಾಣವೇ ವಾರದಿಂದ ವಾರಕ್ಕೆ ಬದಲಾಗುವ ಮಳೆಗಾಲದಲ್ಲಿ ಗೆರೆ ವಕ್ರವಾಗಿ ಕಂಡು ಮೋಸಮಾಡಬಹುದು. ಆದ್ದರಿಂದ ನದಿಯ ತುದಿಯ ಮಾದರಿಯನ್ನು ಹಲವು ಬಾರಿ ತೆಗೆಯಿರಿ.

ಎರಡನೆಯದು ಕೈಯ ಶುಚಿ. ಸತುವಿನ ಲೇಪವಿರುವ ಬಕೆಟ್ಟಿನಲ್ಲಿ ಎತ್ತಿದ ನೀರಿನ ಸತುವನ್ನು ಅಳೆದು ಪ್ರಯೋಜನವೇನು? ಇಲ್ಲಿ ನಾವು ಅಳೆಯುವುದು ಲೀಟರಿಗೆ ಮೈಕ್ರೋಗ್ರಾಂ, ಅದಕ್ಕೂ ಕಡಿಮೆ. 1970ರ ದಶಕದಲ್ಲಿ ಕ್ಲೇರ್ ಪ್ಯಾಟರ್ಸನ್ ಮತ್ತಿತರರ ಶ್ರಮದಿಂದ ಶುದ್ಧ ವಿಧಾನಗಳು ಬಂದಾಗ, ಅದುವರೆಗೆ ಪ್ರಕಟವಾಗಿದ್ದ ಸಮುದ್ರದ ಸೀಸದ ಅಂಕಿಗಳು ಮಾದರಿಗೆ ತಾಗಿದ ಕೊಳೆಯಿಂದಾಗಿ ಹತ್ತಾರು, ನೂರಾರು ಪಟ್ಟು ಹೆಚ್ಚಾಗಿದ್ದವೆಂದು ತಿಳಿಯಿತು. ಆಮ್ಲದಲ್ಲಿ ತೊಳೆದ ಪಾಲಿಥೀನ್ ಬಾಟಲಿ, ಪುಡಿಯಿಲ್ಲದ ಕೈಗವಸು ಬಳಸಿ, ಇಂಜಿನ್ನಿಗೆ ದೂರವಾಗಿ ದೋಣಿಯ ಮುಂಭಾಗದಿಂದ ಹರಿವಿಗೆ ಎದುರಾಗಿ ನೀರು ತೆಗೆಯಿರಿ, ಅಂದೇ ಸೋಸಿ, ಸೋಸಿದ ಮೇಲೆಯೇ ಆಮ್ಲ ಹಾಕಿ. ಸೋಸುವ ಮೊದಲು ಆಮ್ಲ ಹಾಕಿದರೆ ಕಣಗಳಿಗೆ ಅಂಟಿಕೊಂಡದ್ದೂ ಬಿಟ್ಟುಬಂದು ‘ಕರಗಿದ’ ಲೆಕ್ಕಕ್ಕೆ ಸೇರುತ್ತದೆ. ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನೂ ದೋಣಿಗೆ ಒಯ್ದು ಇದೇ ವಿಧಿಗಳಿಗೆಲ್ಲ ಒಳಪಡಿಸಿ, ಅದರಲ್ಲಿ ಕಂಡ ಲೋಹವನ್ನು ವರದಿಯಲ್ಲಿ ತಪ್ಪದೆ ಕೊಡಿ.

ಕೆಸರಿನ ಮಾದರಿಗಳಲ್ಲಿ 63 ಮೈಕ್ರಾನಿಗಿಂತ ಸಣ್ಣ ಕಣಗಳನ್ನು ಬೇರ್ಪಡಿಸಿ ಅಳೆಯಿರಿ, ಇಲ್ಲವಾದರೆ ಅಲ್ಯೂಮಿನಿಯಂಗೆ ಹೋಲಿಸಿ ಲೆಕ್ಕಹಾಕಿ. ಹೊಯಿಗೆ ಹೆಚ್ಚಿದ್ದಲ್ಲಿ ಲೋಹ ಕಡಿಮೆ ಕಾಣುವುದು ಕೇವಲ ಹೊಯಿಗೆಯ ಕಾರಣದಿಂದ. ನಮ್ಮ ಕರಾವಳಿಗೆ ವಿಶೇಷವಾಗಿ ಅನ್ವಯಿಸುವ ಎಚ್ಚರಿಕೆಯೊಂದಿದೆ. ಅನೇಕರು ಕೆಸರಿನ ಲೋಹವನ್ನು ಜಗತ್ತಿನ ಜೇಡಿಶಿಲೆಯ ಸರಾಸರಿಗೆ ಹೋಲಿಸಿ ಮಾಲಿನ್ಯದ ಸೂಚ್ಯಂಕ ಕಟ್ಟುತ್ತಾರೆ. ಮುರಕಲ್ಲಿನ ನಾಡಿನಲ್ಲಿ ಕಬ್ಬಿಣ, ಕ್ರೋಮಿಯಂನಂಥವು ಸ್ವಭಾವತಃ ಹೆಚ್ಚಾಗಿರಬಹುದಾದ್ದರಿಂದ, ಆ ಹೋಲಿಕೆ ಗುಡ್ಡದ ಮಣ್ಣನ್ನೇ ಮಾಲಿನ್ಯವೆಂದು ತೋರಿಸೀತು, ಅದರ ಗದ್ದಲದಲ್ಲಿ ನಿಜವಾದ ಕ್ಯಾಡ್ಮಿಯಂ ಅಥವಾ ಸೀಸದ ಏರಿಕೆ ಮರೆಯಾದೀತು. ನದಿಯ ಮೇಲ್ಭಾಗದಲ್ಲಿ, ಊರು ಕೈಗಾರಿಕೆಗಳಿಲ್ಲದ ಕಡೆಯ ಮಣ್ಣು ಮತ್ತು ಹೂಳನ್ನು ನೀವೇ ಅಳೆದು ಅದನ್ನು ಹೋಲಿಕೆಯ ನೆಲೆಯಾಗಿಟ್ಟುಕೊಳ್ಳಿ; ಸಾಧ್ಯವಾದರೆ ಅಳಿವೆಯಲ್ಲೇ ಉದ್ದನೆಯ ಕೊಳವೆ ಇಳಿಸಿ ತೆಗೆದ ಹಳೆಯ ಪದರಗಳ ಕೆಸರನ್ನೂ ಜತೆಗೆ ಅಳೆಯಿರಿ.